ಸೌಟಿನ ಸನ್ನೆ

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಮೇಲಧಿಕಾರಿ ಕಂಡರೆ. ನನಗೆ ಅಕ್ಕಿ ಡಬ್ಬದ ತಳ ಕಂಡರೆ ಭಯ. ಕಚೇರಿಯಲ್ಲಿ ಕುಳಿತಾಗಲೂ ಮನಸ್ಸು ಹೊಸಮನೆ ಬಡಾವಣೆಯ ನಮ್ಮ ಅಡುಗೆಮನೆಯನ್ನೇ ಸುತ್ತುತ್ತಿರುತ್ತದೆ. ಈ ಸಂತೆಯ ದಿನಸಿ ಮುಂದಿನ ಸಂತೆಯವರೆಗೆ ಬಂದೀತೇ? ನನ್ನ ಹೆಂಡತಿ ಗಿರಿಜೆ ಹೀರೇಕಾಯಿಯ ತಿರುಳಿಗೆ ಪಲ್ಯದ ರೂಪ, ಸಿಪ್ಪೆಗೆ ಚಟ್ನಿಯ ರೂಪ ಕೊಟ್ಟು ಮಕ್ಕಳ ಹೊಟ್ಟೆ ತುಂಬಿಸುತ್ತಾಳೆ. ನನ್ನ ಸಹಾಯವೆಂದರೆ ಆಗಾಗ ಡಬ್ಬದ ಮುಚ್ಚಳ ತೆಗೆದು ನಿಟ್ಟುಸಿರು ಬಿಡುವುದು. "ನೀವು ನೋಡಿದ್ರೆ ಅಕ್ಕಿ ಮರಿ ಹಾಕುತ್ತಾ? ಮುಚ್ರೀ ಅದನ್ನ" ಎಂದು ಅವಳು ಗದರುತ್ತಾಳೆ.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಬದುಕುತ್ತಿದ್ದೆ. ಆದರೆ ನೆಂಟರು ಬರುತ್ತಾರಲ್ಲ! ನಮ್ಮಲ್ಲಿ ಕೇಳಿದ ಕೂಡಲೇ ಹಾಕಿಸಿಕೊಳ್ಳುವ ನೆಂಟ ಮರ್ಯಾದಸ್ಥನಲ್ಲ. ಮೊದಲು "ಸಾಕು" ಎನ್ನಬೇಕು, ಆಮೇಲೆ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು, ಮೂರನೆಯ ಒತ್ತಾಯಕ್ಕೆ ಸೋತವನಂತೆ ಕೈ ತೆಗೆಯಬೇಕು. ಆ ಮೂರನೆಯ ಒತ್ತಾಯ ಮನೆಯ ಯಜಮಾನನದು. ಪಾತ್ರೆ ಬರಿದಾಗಿರುವಾಗ ನಾನು ಒತ್ತಾಯ ಮಾಡಿ ಮಾನ ಕಳೆಯಬಾರದೆಂದು ನಾವೊಂದು ಸನ್ನೆ ಗೊತ್ತುಮಾಡಿಕೊಂಡಿದ್ದೆವು. ಅವಳು ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದರೆ ನಾನು ಬಾಯಿ ಮುಚ್ಚಬೇಕು.

ಒಂದು ಭಾನುವಾರ, ಸಂತೆ ಇನ್ನೂ ದೂರವಿರುವಾಗ, ಭದ್ರಾವತಿಯ ಕಾಗದನಗರದಿಂದ ಗಿರಿಜೆಯ ಅಣ್ಣ ರುದ್ರಪ್ಪನವರು ಬಂದರು. "ಇಳಿದುಹೋಗಿದೀಯಲ್ಲೇ ಗಿರಿಜಾ" ಎಂದು ತಂಗಿಗೆ ಹೇಳಿ ನನ್ನನ್ನು ನೋಡುವ ಪೈಕಿ ಅವರು. ಅವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ ಗಿರಿಜೆ ಪಿಸುಗುಟ್ಟಿದಳು: "ಅಣ್ಣ ಹೊಟ್ಟೆ ತುಂಬಾ ಉಂಡು ಹೋಗ್ಬೇಕು. ಇಲ್ಲಾಂದ್ರೆ ತವರಲ್ಲಿ ನಾನು ತಲೆ ಎತ್ತೋ ಹಾಗಿಲ್ಲ."

ಊಟಕ್ಕೆ ಕುಳಿತೆವು. ನನ್ನ ನಾಲಿಗೆ ಸಾರಿನಲ್ಲಿ, ಕಿವಿ ಸೌಟಿನಲ್ಲಿ. ಗಿರಿಜೆ ಅನ್ನದ ಪಾತ್ರೆ ಹಿಡಿದು ಬಂದಳು. ಭಾವ "ಸಾಕಮ್ಮ" ಎಂದರು. ಅವಳು ಬಗ್ಗಿದಳು. ಅವರು ಕೈ ಅಡ್ಡ ಹಿಡಿದರು. ಅಷ್ಟರಲ್ಲಿ ಟಕ್, ಟಕ್!

"ಬಿಡೇ ಗಿರಿಜಾ, ಬೇಡ ಅನ್ನೋರಿಗೆ ಬಲವಂತ ಮಾಡ್ಬಾರ್ದು" ಎಂದುಬಿಟ್ಟೆ.

ಭಾವನ ಕೈ ತಟ್ಟೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಅವರು ಒಂದು ಲೋಟ ನೀರು ಪೂರ್ತಿ ಕುಡಿದು, "ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದರು.

ಅವರು ತಿರುವು ದಾಟಿದ ಮೇಲೆ ಗಿರಿಜೆ ಪಾತ್ರೆ ತಂದು ನನ್ನ ಮುಂದೆ ಕುಕ್ಕಿದಳು. ಅರ್ಧಕ್ಕೂ ಮೇಲೆ ಅನ್ನವಿತ್ತು.

"ಸೌಟಿಗೆ ಅನ್ನ ಅಂಟಿತ್ತು, ಕೊಡವಿದೆ ಮಾರಾಯ್ರೇ! ಅಂಟಿದ್ದನ್ನ ಕೊಡವಬಾರದಾ?"

ಆ ವಾರವೆಲ್ಲ ಮನೆಯಲ್ಲಿ ಸೌಟು ಮಾತ್ರ ಮಾತಾಡಿತು.

ಮುಂದಿನ ಭಾನುವಾರ ಭಾವ ಹೆಗಲ ಮೇಲೆ ಅಕ್ಕಿ ಚೀಲ ಹೊತ್ತು ಬಂದು ಜಗಲಿಯಲ್ಲಿ ಇಳಿಸಿದರು. "ಊಟ ಹೋಟ್ಲಲ್ಲಿ ಮುಗಿಸ್ಕೊಂಡೇ ಬಂದೆ. ನಿಮಗ್ಯಾಕೆ ತೊಂದ್ರೆ?" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಮರುಕವಿತ್ತು. ಅದೇ ಕಷ್ಟವಾದದ್ದು. ಗಿರಿಜೆ ಬಾಯಿಗೆ ಸೆರಗು ಹಿಡಿದು ಒಳಗೆ ಹೋದಳು. ಅವಮಾನದಿಂದ ನನ್ನ ಮುಖ ಸುಡುತ್ತಿತ್ತು, ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು. ಆದರೆ ಕೈ ಆಗಲೇ ಚೀಲದ ಹುರಿ ಬಿಚ್ಚಿ, ಅಕ್ಕಿ ಸಣ್ಣದೋ ದಪ್ಪವೋ ಎಂದು ನೋಡುತ್ತಿತ್ತು.