ಜಂಪರ್ ಪೀಸುಗಳ ಕೊನೆಯ ನಿಲ್ದಾಣ

ನಮ್ಮ ಮೈದುನನಿಗೆ ಕಂಡವರ ಮನೆ ಹೆಂಗಸರ ಟ್ರಂಕಿನ ಮೇಲೆ ಕಣ್ಣು! ಹೀಗೆಂದರೆ ನೀವು ತಪ್ಪು ತಿಳಿಯಬಾರದು. ತಿಳಿದರೂ ನಾನೇನು ಮಾಡಲಿ? ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲೆಲ್ಲ ಜನ ಮೊದಲು ಹಾಗೆಯೇ ತಿಳಿದರು. ಒಂದಿಬ್ಬರು ಬಾಗೇವಾಡಿಗೆ, ನಮ್ಮ ಮನೆಯ ಬಾಗಿಲಿಗೇ ಬಂದು ವಿಚಾರಿಸಿ, ಚಹಾ ಕುಡಿದು ಹೋಗಿದ್ದಾರೆ.

ಅವನು ಜೀವಮಾನವೆಲ್ಲ ಇದೇ ರಸ್ತೆಗಳಲ್ಲಿ ಬಸ್ ಕಂಡಕ್ಟರ್ ಆಗಿದ್ದವನು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನನ್ನ ಪಾಳಿ ಬರೂದ್ರಾಗ ಸೀಟ್ ಎಲ್ಲಾ ತುಂಬಿದ್ದವು ವೈನಿ" ಎನ್ನುತ್ತಾನೆ. ನಿವೃತ್ತನಾದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಬಿಡಾರ. ನೌಕರಿ ಹೋದರೂ ಸೀಟಿ ಹೋಗಲಿಲ್ಲ. ಅದು ಅಂಗಿಯ ಕಿಸೆಯಲ್ಲೇ ಇರುತ್ತದೆ. ಒಂದು ಸಲ ಊದಿದರೆ ಚಹಾ ಬೇಕೆಂದು ಅರ್ಥ, ಎರಡು ಸಲ ಊದಿದರೆ ಕುಡಿದಾಯಿತು, ಕಪ್ಪು ಒಯ್ಯಬಹುದು ಎಂದು! ನಾನು ಸರಕಾರಿ ದವಾಖಾನೆಯಲ್ಲಿ ಹಿರಿಯ ನರ್ಸ್ ಆಗಿದ್ದವಳು. ಬಾಗಿಲು ಬಡಿಯದೆ ಒಳಗೆ ಬಂದ ಡಾಕ್ಟರನ್ನೂ ಹೊರಗೆ ನಿಲ್ಲಿಸಿದವಳು. ಸೀಟಿಗೆ ಚಹಾ ಕೊಡುತ್ತೇನೆಯೆ? ಕೊಡುವುದಿಲ್ಲ. ಅವನೇ ಎದ್ದು ಮಾಡಿಕೊಂಡು, ನನಗೂ ಒಂದು ಕಪ್ಪು ತಂದಿಡುತ್ತಾನೆ.

ಇಂಥವನು ಒಂದು ದಿನ ಮಸೂತಿ ಎಂಬ ಊರಿನ ಆಚೆಗಿನ ಒಂದು ವಸ್ತಿಗೆ ಯಾರನ್ನೋ ಕಾಣಲು ಹೋದ. ಅಲ್ಲಿಯ ಮನೆಗಳವರು ದಸರೆ ಮುಗಿದೊಡನೆ ಸಕ್ಕರೆ ಕಾರ್ಖಾನೆಗಳ ಸೀಮೆಗೆ ಕಬ್ಬು ಕಡಿಯಲು ಹೋಗುವವರು. ವಯಸ್ಸಾದವರು ಮಾತ್ರ ಊರಲ್ಲಿ ಉಳಿಯುತ್ತಾರೆ. ಅಲ್ಲಿಯ ಹುಡುಗಿಯರು ಕೆಲವರು ಏಳನೇ ತರಗತಿ ಮುಗಿಸುವುದರಲ್ಲಿದ್ದರು. ಮುಂದಿನ ಶಾಲೆ ದೂರ. ಬಸ್ಸು ಬರುವ ಹೊತ್ತಿಗೆ ಅಲ್ಲಿ ಪ್ರಾರ್ಥನೆ ಮುಗಿದು ಎರಡನೇ ಪಾಠ ನಡೆದಿರುತ್ತದೆ. ತಾಯಂದಿರು ಸ್ಪಷ್ಟವಾಗಿ ಹೇಳಿದ್ದರು: "ಸಾಲಿ ಬಾಗಿಲಿಗೆ ಮುಟ್ಟಸಾಕ ಗಾಡಿ ಆದ್ರ ಅಜ್ಜಿ ಹಂತ್ಯಾಕ ಬಿಟ್ಟು ಹೋಗ್ತೇವ್ರಿ. ಆಗಲಿಲ್ಲಂದ್ರ ನಮ್ಮ ಕೂಡ ಕಬ್ಬಿಗೇ." ಮೂರು ಗಾಲಿಯ ಟಂಟಂ ಗಾಡಿಯವನೂ ಅಷ್ಟೇ ಸ್ಪಷ್ಟವಾಗಿದ್ದ. ವರ್ಷದ ಬಾಡಿಗೆ ಮೊದಲೇ ಕೈಗೆ ಬಂದರೆ ಗಾಡಿ, ಇಲ್ಲದಿದ್ದರೆ ಇಲ್ಲ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ ಹಣ ಕೂಡಬೇಕಿತ್ತು.

"ನಾ ಕೂಡಸ್ತೇನಿ" ಎಂದು ಸೀಟಿ ಊದಿ ಬಂದುಬಿಟ್ಟ!

ಮೊದಲು ಹೋದದ್ದು ಇಂಡಿಗೆ. ಆ ಕಡೆಯ ರೈತರು ಬಂದವರನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಕಳಿಸಲೂ ಇಲ್ಲ. ಆದರೆ ಅದು ನಿಂಬೆಯ ದರ ನೆಲಕಚ್ಚಿದ್ದ ಕಾಲ. ಪ್ರತಿಯೊಬ್ಬರೂ ಮನಸಾರೆ ನಿಂಬೆಹಣ್ಣನ್ನೇ ಕೊಟ್ಟರು! ಟಂಟಂ ತರುತ್ತೇನೆಂದು ಹೋದವನು ಟಂಟಂ ತುಂಬ ನಿಂಬೆಹಣ್ಣು ತಂದು ನಮ್ಮ ಅಂಗಳದಲ್ಲಿ ಸುರಿದ. ಗಾಡಿಯ ಬಾಡಿಗೆ ಕೊಟ್ಟವಳು ನಾನು. ಉಪ್ಪು, ಖಾರ, ಭರಣಿ ತಂದವಳೂ ನಾನೇ. ನಮ್ಮ ಓಣಿಯಲ್ಲಿ ಉಪ್ಪಿನಕಾಯಿ ಇಲ್ಲದ ಮನೆ ಇರಲಿಲ್ಲ, ವಸ್ತಿಯ ನಿಧಿಯಲ್ಲಿ ಮಾತ್ರ ಏನೂ ಇರಲಿಲ್ಲ.

"ಈಗ ಏನ್ ಮಾಡ್ತಿ ತಮ್ಮಾ?"

"ಗಾಡಿ ಪಂಕ್ಚರ್ ಆಗೇತಿ ವೈನಿ. ಕೆಟ್ಟಿಲ್ಲ."

ಬೇಸಿಗೆ ಬಂತು. ತಾಂಬಾದಲ್ಲಿ ಒಂದು ಮದುವೆ. ಆಯೇರಿಯ ಉಡುಗೊರೆಗೆ ಒಳ್ಳೆಯದೊಂದು ಜಂಪರ್ ಪೀಸು, ಅಂದರೆ ರವಿಕೆಯ ಬಟ್ಟೆ, ಹುಡುಕಲು ನಾನು ಟ್ರಂಕು ತೆರೆದಿದ್ದೆ. ನಮ್ಮ ಸೀಮೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುವೆ, ಸೀಮಂತದ ಕುಬಸ, ಮನೆ ಶಾಂತಿ, ಯಾವುದೇ ಕಾರ್ಯವಿರಲಿ, ಬಂದ ಹೆಂಗಸರಿಗೆ ಜಂಪರ್ ಪೀಸು ಕೊಡಲೇಬೇಕು. ತೆಗೆದುಕೊಂಡವರು ಅದನ್ನು ಹೊಲಿಸುತ್ತಾರೆಯೆ? ಎಲ್ಲಿಯ ಮಾತು! ಟ್ರಂಕಿಗೆ ಹಾಕಿ, ಮುಂದಿನ ಕಾರ್ಯದಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಕೊಟ್ಟವರಿಗೇ ತಿರುಗಿ ಹೋಗದಂತೆ ನೋಡಿಕೊಂಡರಾಯಿತು, ಅಷ್ಟೇ ನಿಯಮ.

ಬಾಗಿಲಲ್ಲಿ ನಿಂತಿದ್ದ ಮೈದುನ ಕೇಳಿದ: "ಇಷ್ಟು ಚಂದ ಅದಾವು, ಯಾಕ ಹೊಲಿಸಿಲ್ರಿ?"

"ಇವು ಹೊಲಿಸೂವಲ್ಲ. ಕೊಡೂವು."

"ತಗೊಂಡವ್ರು?"

"ಅವರೂ ಕೊಡ್ತಾರ."

"ಮತ್ತ ಅವರು?"

"ಅವರೂ ಕೊಡ್ತಾರಪಾ! ಹೆಂಗಸರ ವ್ಯವಹಾರ ನಿನಗ್ಯಾಕ?"

ಅವನ ಕಣ್ಣು ಹೊಳೆಯಿತು. "ಅಂದ್ರ ಇಂಡಿಯಾಗ ಹತ್ತಿದ್ದು ಸಿಂದಗ್ಯಾಗ ಇಳೀಲಿಲ್ಲ, ತಾಳಿಕೋಟ್ಯಾಗೂ ಇಳೀಲಿಲ್ಲ! ಇವಕ್ಕ ಕಡೀ ಸ್ಟಾಪ್ ಅನ್ನೂದ ಇಲ್ಲೇನ್ರಿ ವೈನಿ?"

ಮರುದಿನದಿಂದ ಊರೂರು ತಿರುಗಾಟ ಶುರು. ಕಂಡಕ್ಟರನಾಗಿದ್ದಾಗ ಪರಿಚಯವಾದ ಮನೆಗಳಿಗೆಲ್ಲ ಹೋದ. ಹೊಸ್ತಿಲಲ್ಲಿ ನಿಂತು ಕೂಗುವುದು: "ಅಕ್ಕಾರ, ಟ್ರಂಕಿನ್ಯಾಗ ಕುಂತ ಪ್ಯಾಸೆಂಜರ್ ಎಲ್ಲಾ ಇಳಸ್ರಿ! ಹುಡುಗ್ಯಾರನ ಸಾಲಿಗೆ ಕಳಸೂದೈತಿ." ಮುದ್ದೇಬಿಹಾಳದಲ್ಲಿ ಒಬ್ಬ ಯಜಮಾನರು ಕೈಯಲ್ಲಿ ಬಡಿಗೆ ಹಿಡಿದೇ ಬಂದರು.

"ಗಂಡಸಾಗಿ ಜಂಪರ್ ಪೀಸ್ ಕೇಳಾಕತ್ತಿಯಲ್ಲೋ, ನಾಚಿಕಿ ಬರಾಂಗಿಲ್ಲೇನು?"

"ರಿಟೈರ್ ಆದ ದಿನ ಡಿಪೋದಾಗ ಜಮಾ ಮಾಡಿ ಬಂದೇನ್ರಿ."

ಅವರು ನಕ್ಕುಬಿಟ್ಟರು. ಹೆಂಡತಿಯ ಟ್ರಂಕನ್ನು ತಾವೇ ಎತ್ತಿ ತಂದು ಪಡಸಾಲೆಯಲ್ಲಿ ಇಟ್ಟರು. ಆಕೆಗೂ ಸಂತೋಷ. ತಲೆಮಾರಿನಿಂದ ಇಳಿಯದ ಪ್ರಯಾಣಿಕರು ಒಮ್ಮೆಲೇ ಇಳಿದರಲ್ಲ!

ವಸ್ತಿಯ ತಾಯಂದಿರು ಆ ಬಟ್ಟೆಗಳನ್ನು ಕೂಡಿಸಿ ಕೌದಿ ಹೊಲಿದರು. ಕೂಲಿ ಕೊಡಲು ಹೋದರೆ, "ನಮ್ಮ ಹುಡುಗ್ಯಾರ ಗಾಡಿ. ನಾವ ಹೊಲಿತೇವಿ" ಎಂದರು. ನಾನು ದವಾಖಾನೆಯ ಚಾದರಗಳ ನಡುವೆ ಕೆಲಸ ಮಾಡಿದವಳು. ನೇರ ಹೊಲಿಗೆ ಅಂದರೇನೆಂದು ನನಗೆ ಗೊತ್ತು. ತಪ್ಪು ಹುಡುಕಲೆಂದೇ ಕನ್ನಡಕ ಹಾಕಿಕೊಂಡು ಕೂತೆ. ಸಿಗಲಿಲ್ಲ.

ಬಾಗೇವಾಡಿಯ ಒಂದು ಕಲ್ಯಾಣ ಮಂಟಪದಲ್ಲಿ ಕೌದಿಗಳ ಲಿಲಾವು, ಅಂದರೆ ಹರಾಜು, ಎಂದು ನಿಗದಿಯಾಯಿತು. ಬಟ್ಟೆ ಕೊಟ್ಟ ಹೆಂಗಸರೆಲ್ಲ ಸುತ್ತಲಿನ ತಾಲೂಕುಗಳಿಂದ ಬಂದರು. ಶಾಲೆ ತೆರೆಯುವ ದಿನ ಸಮೀಪಿಸಿತ್ತು. ಟಂಟಂ ಗಾಡಿಯವನೂ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದ. ಇಂದು ಹಣ ಕೂಡದಿದ್ದರೆ ಅವನು ಗಾಡಿಯನ್ನು ಬೇರೆ ಕಡೆ ಒಪ್ಪಿಕೊಳ್ಳುವವನಿದ್ದ.

ಮೈದುನ ಸೀಟಿ ಊದಿ ಮೊದಲನೆಯ ಕೌದಿ ಬಿಡಿಸಿದ. ನವಿಲಿನ ಬಣ್ಣ, ಅರಿಷಿಣ, ದಾಳಿಂಬೆಯ ಕೆಂಪು, ಸಭೆಯೆಲ್ಲ ವಾಹ್ ಎಂದಿತು. ಮರುಕ್ಷಣ ಸಿಂದಗಿಯಿಂದ ಬಂದ ಒಬ್ಬ ಹೆಂಗಸು ಎದ್ದು ನಿಂತಳು.

"ಏ, ತಡೀರಿ! ಆ ಹಸರಂದು ನನ್ನದು! ನನ್ನ ಮಗಳ ಮದವ್ಯಾಗ ಬೀಗತಿಗೆ ಅಂತ ಆರಿಸಿ ಆರಿಸಿ ತಂದಿದ್ದೆ!"

ಬೀಗತಿ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು! ಆಕೆ ಒಮ್ಮೆ ಸೀರೆಯ ಸೆರಗು ನೋಡಿಕೊಂಡಳು, ಒಮ್ಮೆ ಛಾವಣಿ ನೋಡಿದಳು.

"ಹೊಲಿಸಿ ಹಾಕ್ಕೊಂಡೇನಿ, ಭಾಳ ಚಂದ ಕುಂತೈತಿ ಅಂತ ಫೋನಿನ್ಯಾಗ ಹೇಳಿದ್ರೆಲ್ಲಾ ಬೀಗತೇರ?"

"ಅಂಥಾದ್ದ ಇನ್ನೊಂದ ಇತ್ತರಿ..."

ಅಲ್ಲಿಗೆ ಕಟ್ಟೆಯೊಡೆಯಿತು. ಎಲ್ಲರೂ ವೇದಿಕೆಯ ಹತ್ತಿರ ಬಂದು ಕೌದಿಗೆ ಕಣ್ಣಿಟ್ಟು ನೋಡತೊಡಗಿದರು. "ಇದು ನಂದು!" "ಇದನ್ನ ನಾ ನಿನಗ ಕೊಟ್ಟಿದ್ದೆ!" "ನೀ ಕೊಟ್ಟದ್ದು ನಿನಗೂ ಯಾರೋ ಕೊಟ್ಟದ್ದ ತಗೋ!" ಕೆಲವರು ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಆ ಹೆಂಗಸರು ಬಾಗಿಲು ದಾಟಿದರೆ ಹುಡುಗಿಯರ ಶಾಲೆಯೂ ಅವರೊಂದಿಗೆ ದಾಟಿದಂತೆಯೇ!

ಮೈದುನ ಉಸಿರು ಕಟ್ಟಿ ಸೀಟಿ ಊದಿದ. ಹೊರಟವರು ಅಭ್ಯಾಸಬಲದಿಂದ ನಿಂತರು.

"ಅಕ್ಕಾರ, ಸಮಾಧಾನ! ಕೌದಿ ಯಾರ ಮನಿಗೆ ಹೋಗತೈತೋ, ಆ ಮಾತೂ ಅವರ ಮನಿಗೇ ಹೋಗತೈತಿ. ಮಡಚಿ ಇಟ್ರ ಮುಗೀತು. ಯಾರೂ ತಗೊಳ್ಳಲಿಲ್ಲಂದ್ರ ಮಾತ್ರ ಬಸ್ ಸ್ಟ್ಯಾಂಡಿನ್ಯಾಗ ತೂಗ ಹಾಕ್ತೇನಿ. ಸುತ್ತಲ ತಾಲೂಕಿನವರೆಲ್ಲಾ ನಿಂತು ನೋಡ್ಲಿ!"

ಬೀಗತಿಯ ಕೈ ಮೇಲೆದ್ದಿತು. ಅದನ್ನು ನೋಡಿ ಸಿಂದಗಿಯಾಕೆಯ ಕೈಯೂ ಎದ್ದಿತು. ಒಬ್ಬಳಿಗೆ ಸಾಕ್ಷಿ ಮುಚ್ಚಬೇಕು, ಇನ್ನೊಬ್ಬಳಿಗೆ ಸಾಕ್ಷಿ ಉಳಿಯಬೇಕು! ಹಾಸಿಗೆ ಅಂಗಡಿಯವನು ಕೇಳಿದ್ದರೆ ತಲೆ ತಿರುಗಿ ಬೀಳುವಂಥ ದರಕ್ಕೆ ಮೊದಲ ಕೌದಿ ಹೋಯಿತು. ಎರಡನೆಯದು ಅದಕ್ಕೂ ಮೇಲೆ. ಮೂರನೆಯದನ್ನು ಬಿಡಿಸಿದಾಗ ನಾನು ಶಾಂತವಾಗಿ ಕೂತಿದ್ದೆ. ಆಮೇಲೆ ಅದರ ಮೂಲೆಯಲ್ಲಿ ಒಂದು ನೀಲಿ ಚೌಕಳಿ ಕಂಡಿತು. ತಾಳಿಕೋಟೆಯ ನಾದಿನಿಗೆ ನಾನೇ ಕೈಯಾರೆ ಕೊಟ್ಟದ್ದು! ನಾದಿನಿ ನನ್ನ ಕಡೆ ನೋಡದೆ ಕೈ ಎತ್ತಿದಳು. ನಾನೂ ಎತ್ತಿದೆ. ಗಟ್ಟಿಯಾಗಿ ಕೂಗಿದೆನಂತೆ. ವಾರ್ಡಿನಲ್ಲಿ ಯಾರೂ ದನಿ ಎತ್ತದಂತೆ ನೋಡಿಕೊಂಡವಳು ನಾನು!

ಸಂಜೆಯ ಹೊತ್ತಿಗೆ ಒಂದು ಕೌದಿಯೂ ಉಳಿಯಲಿಲ್ಲ. ವರ್ಷದ ಬಾಡಿಗೆ ಅಲ್ಲಿಯೇ ಗಾಡಿಯವನ ಕೈ ಸೇರಿತು. ಹುಡುಗಿಯರ ಪುಸ್ತಕ, ಸಮವಸ್ತ್ರಕ್ಕೂ ಆಗಿ ಮಿಕ್ಕಿತು. ಬೀಗತಿಯರಿಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಹೋದರು. ದಾರಿಯಲ್ಲಿ ಏನು ಮಾತಾಡಿದರೋ, ಕೌದಿಗೇ ಗೊತ್ತು.

"ಖರೇ ಹೇಳು, ಹಿಂಗ ಜಗಳ ಆಗತೈತಿ ಅಂತ ನಿನಗ ಮೊದಲ ಗೊತ್ತಿತ್ತೇನು?" ಎಂದು ಕೇಳಿದೆ.

"ಇಷ್ಟ ವರ್ಷ ಬಸ್ಸಿನ್ಯಾಗ ಹೆಂಗಸರ ಮಾತು ಕೇಳೇನಿ ವೈನಿ. ಜಗಳ ಆಗೂದು ಗೊತ್ತಿತ್ತು. ಇಷ್ಟು ಚಂದ ಆಗತೈತಿ ಅಂತ ಗೊತ್ತಿರಲಿಲ್ಲ."

ಶಾಲೆ ತೆರೆದ ಬೆಳಿಗ್ಗೆ ನನ್ನನ್ನೂ ವಸ್ತಿಗೆ ಕರೆದುಕೊಂಡು ಹೋದ. ಟಂಟಂ ಬಂದು ನಿಂತಿತ್ತು. ಎಣ್ಣೆ ಹಚ್ಚಿ ಬಿಗಿದ ಜಡೆ, ಹೊಸ ಸಮವಸ್ತ್ರ, ಒಬ್ಬರಿಗಿಂತ ಒಬ್ಬರು ಮುಂದೆ ಎಂದು ಹುಡುಗಿಯರು ಹತ್ತಿದರು. ತಾಯಂದಿರು ಇನ್ನೂ ಏನೋ ಬುದ್ಧಿವಾದ ಹೇಳುತ್ತಿದ್ದರು. ಕೇಳುವವರು ಯಾರು? ಒಳಗೆ ಆಗಲೇ ಕಿಟಕಿಯ ಜಾಗಕ್ಕೆ ಜಗಳ ಶುರುವಾಗಿತ್ತು. ಮೈದುನ ರೈಟ್ ಎಂದ. ಗಾಡಿ ಧೂಳೆಬ್ಬಿಸಿಕೊಂಡು ಹೊರಟು, ಬನ್ನಿಮರದ ತಿರುವಿನಲ್ಲಿ ಕಾಣದಾಯಿತು.

ಅವನು ಆ ಕಡೆಯೇ ನೋಡುತ್ತ ನಿಂತುಬಿಟ್ಟ. ಸುಮ್ಮನಿರುವುದು ಅವನ ಜಾಯಮಾನವಲ್ಲ.

"ಏನಾತೋ ತಮ್ಮಾ?"

"ಒಬ್ಬಾಕಿನೂ ಹಿಂದ ಹೊಳ್ಳಿ ನೋಡ್ಲಿಲ್ಲ ವೈನಿ."

"ಹುಡುಗ್ಯಾರು. ಖುಷಿಯಾಗ ಮರ್ತಿರ್ತಾರ. ಅದಕ್ಯಾಕ ಮನಸ್ಸಿಗೆ ಹಚ್ಕೋತಿ?"

"ಹಂಗಲ್ರಿ." ಅವನ ದನಿ ಸಣ್ಣದಾಯಿತು. "ದಸರಾ ಆದ ಮ್ಯಾಲ ಕಬ್ಬಿನ ಲಾರಿ ನಮ್ಮ ಬಸ್ಸಿನ ಮುಂದ ಹೋಗೂವು. ಹಾಸಿಗಿ ಗಂಟಿನ ಮ್ಯಾಲ ಸಣ್ಣ ಸಣ್ಣ ಹುಡುಗ್ರು ಕುಂತಿರೂವು. ಊರು ಕಣ್ಣಿಗೆ ಮರಿ ಆಗೂ ಮಟಾ ಹೊಳ್ಳಿ ಹೊಳ್ಳಿ ನೋಡೂವು, ವೈನಿ. ಇವತ್ತ ಒಬ್ಬಾಕಿನೂ ನೋಡ್ಲಿಲ್ಲ."

ಅವನ ಹೆಗಲ ಮೇಲಿನ ವಸ್ತ್ರ ತೆಗೆದು ಅವನ ಕೈಗೇ ಕೊಟ್ಟೆ. ಮುಖ ಒರೆಸಿಕೊಂಡ.