ದೇವರ ಮೀನಿಗೆ ನ್ಯಾನೋ ಬೆಳ್ಳಿ

ನಮ್ಮ ಬೆಟ್ಟಕ್ಕೆ ಯಾವ ಹೊಸ ಮದ್ದು ಬಂದರೂ ಮೊದಲು ನಮ್ಮ ದೇವಸ್ಥಾನದಲ್ಲಿ ಅದಕ್ಕೊಂದು ಪೂಜೆ. ಆಮೇಲೆ ಅದರ ಪ್ರಾಯಶ್ಚಿತ್ತಕ್ಕೂ ನಮ್ಮಲ್ಲಿಗೇ ಬರುತ್ತಾರೆ. ಬಣಕಲ್ಲಿನಾಚೆ ಹಳ್ಳದ ದಡದಲ್ಲಿರುವ ಈ ಚಿಕ್ಕ ದೇವಸ್ಥಾನಕ್ಕೆ ನಾನು ಅರ್ಚಕ. ಮೇಲುಗಡೆ ಸಾಹುಕಾರರ ಕಾಫಿ ಎಸ್ಟೇಟು. ಕೆಳಗೆ ಹಳ್ಳದಲ್ಲೇ ದೇವರ ಗುಂಡಿ, ಅದರ ತುಂಬ ನೈವೇದ್ಯದ ಅನ್ನ ತಿಂದು ಬೆಳೆದ ಮೀನುಗಳು. ಮೇಲೆ ಸುರಿದದ್ದೆಲ್ಲ ಕೆಳಗೆ ಇಳಿಯುವುದರಿಂದ ಎಸ್ಟೇಟಿನ ಹೆಸರಲ್ಲಿ ದೇವರಿಗೆ ಒಂದು ನಮಸ್ಕಾರ ಹೆಚ್ಚೇ ಹಾಕುತ್ತೇನೆ.

ಕಾಣದ ವಸ್ತು

ಈ ಸಲ ಸಾಹುಕಾರರು ಪೂಜೆಗೆ ತಂದದ್ದು ಒಂದು ಕ್ಯಾನು. ಜೊತೆಗೆ ಅದನ್ನು ಮಾರಿದ ಆಲ್ದೂರಿನ ಏಜೆಂಟ್.

"ನ್ಯಾನೋ ಬೆಳ್ಳಿ ಭಟ್ರೇ. ಎಲ್ಲಾ ಕ್ರಿಮೀನೂ ಕೊಲ್ಲುತ್ತೆ, ಮಿಕ್ಕವರಿಗೆ ಒಂಚೂರೂ ತೊಂದರೆ ಇಲ್ಲ" ಎಂದರು ಏಜೆಂಟ್.

ಬಗ್ಗಿ ನೋಡಿದೆ. ಬರೀ ನೀರು. "ಬೆಳ್ಳಿ ಎಲ್ಲಿ?"

"ಅಷ್ಟು ಸಣ್ಣದು, ಕಣ್ಣಿಗೆ ಕಾಣಲ್ಲ."

"ಕಾಣದೇ ಇರೋದನ್ನ ಇದೆ ಅಂತ ಹೇಗಪ್ಪ ನಂಬೋದು?"

ಸಾಹುಕಾರರು ಗರ್ಭಗುಡಿ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದರು: "ಭಟ್ರೇ, ಈ ಪ್ರಶ್ನೆ ನೀವು ಕೇಳಬಾರದು."

ಉಬ್ಬದ ಹಿಟ್ಟು

ವಾರ ಕಳೆಯುವುದರೊಳಗೆ ಸಾಹುಕಾರರ ಮನೆಯಿಂದ ಕರೆ ಬಂತು. ದೋಸೆಹಿಟ್ಟು ಉಬ್ಬುತ್ತಿಲ್ಲ, ಹಾಲು ಹೆಪ್ಪಾಗುತ್ತಿಲ್ಲ, ಯಾರದೋ ದೃಷ್ಟಿ ತಾಗಿದೆ ಎಂದು ಅಮ್ಮಾವ್ರಿಗೆ ಆತಂಕ. ಹೋಗಿ ನಿಂಬೆಹಣ್ಣು ಮಂತ್ರಿಸಿ ಕೊಟ್ಟೆ. ಹಿಟ್ಟು ಜಗ್ಗಲಿಲ್ಲ. ಕೊನೆಗೆ ವಿಚಾರಿಸಿದರೆ, ಪಾತ್ರೆಗಳೆಲ್ಲ ಶುದ್ಧವಾಗಲಿ ಎಂದು ಸಾಹುಕಾರರೇ ಆ ಬೆಳ್ಳಿನೀರು ಸವರಿಸಿಟ್ಟಿದ್ದರು.

ಏಜೆಂಟ್ ಸಮಜಾಯಿಷಿ ಕೊಟ್ಟರು: "ಮೊಸರು ಮಾಡೋದೂ ಕ್ರಿಮೀನೇ ಅಲ್ವಾ ಅಮ್ಮ? ಒಳ್ಳೇದು ಯಾವುದು, ಕೆಟ್ಟದ್ದು ಯಾವುದು, ಬೆಳ್ಳಿಗೆ ಗೊತ್ತಾಗಲ್ಲ."

"ಹಾಗಾದ್ರೆ ನಮ್ಮನೆಯವ್ರಿಗೆ ಸರಿಯಾದ ಜೋಡಿ" ಎಂದರು ಅಮ್ಮಾವ್ರು.

ಜಾರುವ ಬೀಜ

ಕಾಫಿ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜ ತೊಟ್ಟಿಯಲ್ಲಿ ಹುಳಿಯಬೇಕು, ಆಗಲೇ ಅದರ ಲೋಳೆ ಬಿಡುವುದು. ಸಾಹುಕಾರರು ಆ ತೊಟ್ಟಿಗೂ ಬೆಳ್ಳಿನೀರು ಹಾಕಿಸಿದರು. ಬೆಳಗ್ಗೆ ನೋಡಿದರೆ ಲೋಳೆ ಬಿಡದೆ ಇದ್ದ ಹಾಗೇ ಇದೆ.

"ನೋಡಿ ಸಾರ್, ಎಷ್ಟು ಶುದ್ಧ! ಒಂಚೂರು ಹುಳಿವಾಸನೆ ಇಲ್ಲ" ಎಂದರು ಏಜೆಂಟ್.

ಮೇಸ್ತ್ರಿ ಒಂದು ಹಿಡಿ ಎತ್ತಿದ. ಬೀಜವೆಲ್ಲ ಬೆರಳಿನ ಸಂದಿಯಿಂದ ಜಾರಿ ಹೋಯಿತು. "ಶುದ್ಧ ಆಗಿದೆ ಸಾರ್. ನಮ್ಮಂಥ ಪಾಪಿಗಳ ಕೈಗೆ ನಿಲ್ತಾ ಇಲ್ಲ."

ಆ ನೀರನ್ನು ಹಳ್ಳಕ್ಕೆ ಬಿಡಬೇಡಿ ಎಂದು ಬೇಡಿಕೊಂಡೆ. ಬೇರೆ ಹೊಂಡ ತೋಡಿಸಿ ಬಿಟ್ಟರು. ದೇವರು ದೊಡ್ಡವನು.

ಬೆಳ್ಳಿ ಹರಕೆ

ಅರ್ಧ ಕ್ಯಾನು ಉಳಿದಿತ್ತು. ಸಾಹುಕಾರರಿಗೆ ಒಂದು ಹಳೇ ಹರಕೆ ನೆನಪಾಯಿತು, ದೇವರಿಗೆ ಬೆಳ್ಳಿ ಒಪ್ಪಿಸುವುದು. ಕ್ಯಾನು ಹೊರಿಸಿಕೊಂಡು ಗುಂಡಿಯ ಹತ್ತಿರವೇ ಬಂದರು.

"ಇದರಲ್ಲಿರೋದೂ ಬೆಳ್ಳೀನೇ ತಾನೇ ಭಟ್ರೇ? ಗುಂಡಿಗೆ ಸುರಿದ್ರೆ ಹರಕೇನೂ ತೀರುತ್ತೆ, ಪಾಚೀನೂ ಹೋಗುತ್ತೆ."

ಅನ್ನ ಬಂತೆಂದು ಮೀನುಗಳು ಬಾಯಿ ತೆರೆದು ಮೇಲೆ ಬಂದವು. ಹಿಟ್ಟಿನ ಜೀವ ತೆಗೆದದ್ದು ಕಿವಿರಿಗೆ ಸೇರಿದರೆ ಮೀನಿನ ಜೀವ ಬಿಟ್ಟೀತೇ? ಕೆಳಗಿನ ಮನೆಗಳಿಗೂ ಕುಡಿಯಲು ಇದೇ ನೀರು. ಆದರೆ ಹರಕೆ ಹೊತ್ತು ಬಂದವರಿಗೆ ಬೇಡ ಎನ್ನುವುದು ಹೇಗೆ? ದೇವರೇ ಬುದ್ಧಿ ಕೊಟ್ಟ.

"ಆಗಲಿ. ಆದ್ರೆ ನೀರಿನ ರೂಪದಲ್ಲಿ ಬಂದ ಹರಕೆ ತೀರ್ಥಕ್ಕೆ ಸಮಾನ. ತಂದವರು ಇದನ್ನೇ ಒಂದು ಉದ್ಧರಣೆ ಸ್ವೀಕರಿಸಿ ಆಮೇಲೆ ಸುರೀಬೇಕು" ಎಂದೆ.

ಸಾಹುಕಾರರು ಏಜೆಂಟರನ್ನು ಮುಂದೆ ತಳ್ಳಿದರು. "ತಂದವನು ಇವನೇ. ತಗೋ ಮಾರಾಯ."

"ನಂಗೆ ಇವತ್ತು ಉಪವಾಸ ಸಾರ್."

"ಉಪವಾಸಕ್ಕೂ ತೀರ್ಥ ಆಗುತ್ತೆ" ಎಂದೆ, ಉದ್ಧರಣೆ ಹಿಡಿದು.

ಏಜೆಂಟ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ನೀನೇ ಅಲ್ವೇನೋ ಒಂಚೂರೂ ತೊಂದರೆ ಇಲ್ಲ ಅಂದದ್ದು?" ಎಂದರು ಸಾಹುಕಾರರು.

"ಇಲ್ಲ ಸಾರ್, ಖಂಡಿತಾ ಇಲ್ಲ" ಎಂದು ಏಜೆಂಟ್ ಮೀನುಗಳ ಕಡೆ ಬಲು ವಿನಯದಿಂದ ಬಾಗಿದರು. "ಆದ್ರೂ ಮೊದಲು ಅವರದ್ದಾಗಲಿ."

ಸಾಹುಕಾರರು ಕ್ಯಾನಿನ ಮುಚ್ಚಳ ಬಿಗಿಯಾಗಿ ತಿರುಗಿಸಿ ಜೀಪಿಗೆ ಹಾಕಿಸಿದರು. "ನಮ್ಮನೇಲಿ ಕಡುಬು ಬಡಿಸಿದಾಗ ಒಂದು ದಿನಾನೂ ಈ ಮರ್ಯಾದೆ ತೋರಿಸ್ಲಿಲ್ವಲ್ಲೋ ಮಾರಾಯ!"