ಕಲ್ಲಿಗೊಂದು ಎಣ್ಣೆ

ನಮ್ಮ ಮೊಮ್ಮಗಳ ತಲೆ ನೆಟ್ಟಗಿಲ್ಲ ಎಂದು ಶಹಾಬಜಾರದ ನಮ್ಮ ಓಣಿಯೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ. ತಲೆ ನೆಟ್ಟಗೇ ಇದೆ, ಅದರ ತುಂಬ ಕಲ್ಲಿವೆ, ಅಷ್ಟೇ! ಕಾಲೇಜಿನಲ್ಲಿ ಕಲ್ಲಿನ ಪಾಠ ಹೇಳುವವಳು ಮನೆಗೆ ಬಂದ ಮೇಲಾದರೂ ಕಲ್ಲು ಬಿಡಬೇಡವೇ? ಮೊದಲ ಪಗಾರದಲ್ಲಿ ಬೇರೆ ಹುಡುಗಿಯರು ಬಳೆ ಕೊಂಡರೆ ಇವಳು ಕಲ್ಲು ಕೊಯ್ಯುವ ಗರಗಸ ತಂದು ಬಚ್ಚಲಿನ ಪಕ್ಕ ಕೂರಿಸಿದಳು.

ಅದಕ್ಕೊಂದು ಗುಂಡನೆಯ ಅಲಗು, ಅಲಗಿನ ಕೆಳಗೆ ಎಣ್ಣೆಯ ತೊಟ್ಟಿ. ಅಲಗು ಎಣ್ಣೆಯಲ್ಲಿ ಮೀಯುತ್ತ ತಿರುಗಬೇಕು, ಇಲ್ಲವಾದರೆ ಕಾದು ಕಲ್ಲೂ ಸೀಳುತ್ತದೆ, ಅಲಗೂ ಹಾಳು. ಆದರೆ ಯಾವ ಎಣ್ಣೆ? ಅಲ್ಲಿಂದ ಶುರು ನಮ್ಮ ಫಜೀತಿ.

ಅವಳ ಕಣ್ಣು ಬಿದ್ದದ್ದು ನನ್ನ ಬಾಗಿಲುಗಲ್ಲಿನ ಮೇಲೆ. ಕಮಲಾಪುರದ ನನ್ನ ತವರಿನಲ್ಲಿ ಕದ ಗಾಳಿಗೆ ಬಡಿಯದಂತೆ ಅವ್ವ ಒತ್ತಿಡುತ್ತಿದ್ದ ಗುಂಡುಕಲ್ಲು ಅದು. ರಸ್ತೆ ಅಗಲ ಮಾಡುವಾಗ ಮನೆ ಹೋಯಿತು. ಕಲ್ಲನ್ನು ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡು ನಾನು ಬಸ್ಸು ಹತ್ತಿದ್ದೆ. ತವರು ಅಂತ ನನಗೆ ಉಳಿದದ್ದು ಅಷ್ಟೇ.

ಅದನ್ನು ತಟ್ಟಿ ನೋಡಿ ಇವಳೆಂದಳು, "ಆಯಿ, ಇದರೊಳಗ ಏನೋ ಅದ."

"ನಿಮ್ಮ ಮುತ್ತಜ್ಜಿ ಕುಂತಾಳ! ಸೀಳಿ ಹಾಳಾತಂದ್ರ ಮತ್ತೊಂದು ಎಲ್ಲಿಂದ ತರ್ತಿ?"

"ಸರಿಯಾದ ಎಣ್ಣಿ ಸಿಗೋತನಕ ಮುಟ್ಟಂಗಿಲ್ಲ. ನಿನ್ನಾಣಿ."

ಸರಿ, ಬೀದಿಗಲ್ಲುಗಳ ಮೇಲೆ ಪರೀಕ್ಷೆ ನಡೆಯಿತು. ಮೊದಲ ಸಲಹೆ ನನ್ನದೇ: ಕುಸುಬಿ ಎಣ್ಣೆ! ಅದನ್ನು ತಿಂದ ನಮ್ಮ ಮೂಳೆಗಳೇ ಇಷ್ಟು ಗಟ್ಟಿ ಇರುವಾಗ ಗರಗಸಕ್ಕೇನು ಧಾಡಿ? ಯಂತ್ರ ಗರ್ರೆಂದಿತು, ಎಣ್ಣೆ ಕಾಯಿತು, ಓಣಿಯೆಲ್ಲ ಘಮಘಮ. ಪಕ್ಕದ ಮನೆಯ ವೈನಿ ತಾಟು ಹಿಡಿದೇ ಬಂದರು.

"ಮಿರ್ಚಿ ಭಜಿ ಮಾಡಾಕತ್ತೀರೇನ್ರೀ?"

"ಇಲ್ರೀ ವೈನಿ, ಕಲ್ಲು ಕರಿಯಾಕತ್ತೀವಿ! ಹಾಕ್ಲೇನು ಎರಡು?"

ಕೆಲವು ದಿನಕ್ಕೆ ಆ ಎಣ್ಣೆ ಗೋಂದಿನಂತೆ ಗಟ್ಟಿಯಾಗಿ ಅಲಗನ್ನೇ ಹಿಡಿದುಕೊಂಡಿತು. ನನ್ನ ಮೂಳೆಗಳೂ ಬೆಳಿಗ್ಗೆ ಯಾಕೆ ಹಾಗೆ ಹಿಡಿದುಕೊಳ್ಳುತ್ತವೆ ಎಂಬುದು ಆಗ ತಿಳಿಯಿತು!

ಆಮೇಲೆ ಗ್ಯಾರೇಜಿನ ಹಳೆ ಆಯಿಲ್. ಕಲ್ಲು ಕಪ್ಪಾಯಿತು, ಸಾಲದ್ದಕ್ಕೆ ಎಣ್ಣೆ ಸಿಡಿದು ಒಣಗಲು ಹಾಕಿದ್ದ ಯಜಮಾನರ ಧೋತರ ಚಿರತೆಯ ತೊಗಲಾಯಿತು.

"ಇದನ್ನ ಉಟ್ಕೊಂಡು ಹಳೇ ಕೋಟಿ ಗೋಡಿ ಕಡಿ ತಿರುಗಾಡಾಕ ಹೋದ್ರ ನನ್ನ ಬೋನಿನ್ಯಾಗ ಹಾಕ್ತಾರ!" ಎಂದು ಅವರು ಕೂಗಾಡಿದರು. ಮೊಮ್ಮಗಳು ಧೋತರ ನೋಡಲೇ ಇಲ್ಲ. "ಈ ಎಣ್ಣಿ ನಡ್ಯಂಗಿಲ್ಲ" ಎಂದಷ್ಟೇ ಅಂದಳು.

ಒಂದು ದಿನ ವೈನಿಯ ಮನೆಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರು. ಎಲ್ಲರೂ ಕೂಸಿನ ಮುಖ ನೋಡಿದರೆ ನಮ್ಮವಳು ಬಾಟಲಿಯ ಹಿಂದೆ ಬರೆದದ್ದನ್ನು ಓದಿದಳು!

"ಆಯಿ! ಮಿನರಲ್ ಆಯಿಲ್! ತೆಳ್ಳಗದ, ಬಣ್ಣಿಲ್ಲ, ಗೋಂದಾಗಂಗಿಲ್ಲ!"

ಅಂಗಡಿಗೆ ಹೋಗಿ ಚೀಲದ ತುಂಬ ಕೂಸಿನ ಎಣ್ಣೆ ಕೊಂಡೆವು. ಅಂಗಡಿಯವನು ಹಲ್ಲು ಕಿರಿದ. "ಮುಬಾರಕ್ ಅಮ್ಮಾ! ಅವಳಿ ಜವಳಿ ಏನ್ರೀ?"

"ಇಲ್ಲಪ್ಪಾ, ಒಂದೇ. ಎತ್ತಾಕ ಭಾಳ ವಜ್ಜಾ ಅದ" ಎಂದೆ ನಾನು.

"ಮಾಶಾ ಅಲ್ಲಾಹ್! ಯಾರಂಗ ಅದ ಮುಖ?"

"ಮುಖ ಇನ್ನಾ ಕೊಯ್ದಿಲ್ಲ" ಎಂದಳು ನನ್ನ ಮೊಮ್ಮಗಳು! ಪಾಪ, ಚಿಲ್ಲರೆ ಕೊಡುವುದನ್ನೂ ಮರೆತು ನಿಂತುಬಿಟ್ಟ.

ಮೊದಲು ಬೀದಿಗಲ್ಲು ಹಾಕಿದೆವು. ಬೆಣ್ಣೆ ಕೊಯ್ದಂತೆ ಕೊಯ್ದಿತು, ಹೊಗೆಯಿಲ್ಲ, ಕಪ್ಪಿಲ್ಲ. ಆಮೇಲೆ ಬಾಗಿಲುಗಲ್ಲನ್ನು ನಾನೇ ಎತ್ತಿ ಕೊಟ್ಟೆ. ಕೊಟ್ಟು ಗೋಡೆಯ ಕಡೆ ಮುಖ ಮಾಡಿ ಕೂತೆ. ಗರ್ರ್ ಎಂದದ್ದು ಕಲ್ಲೋ ನನ್ನ ಎದೆಯೋ? ಸದ್ದು ನಿಂತಿತು.

"ಆಯಿ, ಈ ಕಡಿ ನೋಡು."

ಏನೆಂದು ಹೇಳಲಿ! ಬಿಳಿ, ನೀಲಿ ಬಳೆಗಳು ಒಂದರೊಳಗೊಂದು. ನಡುವೆ ಪುಟ್ಟ ಗುಹೆ, ಅದರ ತುಂಬ ಕಲ್ಲುಸಕ್ಕರೆಯಂಥ ಹರಳು. ಒಂದೂ ಬಿರುಕಿಲ್ಲ! ನಾನು ಓಣಿಯನ್ನೆಲ್ಲ ಕರೆದೆ. ಪೇಢೆಯ ಬದಲು ಕಮಲಾಪುರದ ಕೆಂಪು ಬಾಳೆಹಣ್ಣು ಹಂಚಿದೆ. ತಲೆ ನೆಟ್ಟಗಿಲ್ಲ ಎಂದವರು ಸಿಪ್ಪೆ ಸುಲಿಯುತ್ತ ಬಾಯಿ ತೆರೆದು ನಿಂತರು. ನನ್ನ ಮೊಮ್ಮಗಳು ಗೆದ್ದಳು!

ಎಲ್ಲರೂ ಹೋದ ಮೇಲೆ ಅರ್ಧ ಕಲ್ಲನ್ನು ಅವಳು ನನ್ನ ತೊಡೆಯ ಮೇಲಿಟ್ಟಳು. ಅದರಿಂದ ಕೂಸಿನ ವಾಸನೆ ಬಂತು. ನನಗೇ ತಿಳಿಯದೆ ಕಾಲು ಚಾಚಿ, ಕಲ್ಲನ್ನು ಕಾಲಮೇಲೆ ಮಲಗಿಸಿ, ಅಂಗೈಯಿಂದ ಮೆಲ್ಲಗೆ ತಿಕ್ಕತೊಡಗಿದೆ.

"ಮುತ್ತಜ್ಜಿ ಒಳಗ ಕುಂತಾಳ ಅಂದಿದ್ದಿ, ಎಲ್ಲಿ ಅದಾಳ?" ಎಂದು ನಕ್ಕಳು.

"ನಿನಗ ನಾ ಹಿಂಗೇ ತಿಕ್ಕಿದ್ದೆ. ನನಗ ನಮ್ಮವ್ವ ಹಿಂಗೇ ತಿಕ್ಕಿದ್ದಳು."

ಅವಳು ಎದ್ದಳು. ಬಾಟಲಿ ತಂದು ನನ್ನ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದಳು.